ಬರೆದುಕೊಂಡು ಹೋದವರು

ತಮ್ಮ ಮನೆಯಲ್ಲಿ ಪದವಿ ತರಗತಿಯಲ್ಲಿ ಓದುವ ಮಗನೋ ಮಗಳೋ ಇದ್ದರೆ, ಯಾವುದೋ ಒಂದು ರಾತ್ರಿ ಊಟದ ಹೊತ್ತಿಗೆ ಈ ಮಾತು ತಮ್ಮ ಕಿವಿಗೆ ಬಿದ್ದೇ ಇರುತ್ತದೆ: "ಮುಂದಿನ ವಾರ ಹಳ್ಳಿಗೆ ಹೋಗಬೇಕು, ಅದಕ್ಕೂ ಮಾರ್ಕ್ಸ್ ಇದೆ." ತಾಯಿಗೆ ಅಲ್ಲಿಯ ನೀರು ನೆರಳಿನ ಚಿಂತೆ. ತಂದೆಗೆ ಬಸ್ ಖರ್ಚಿನ ಲೆಕ್ಕ. ಮನೆಯಲ್ಲಿ ಹಿರಿಯರಿದ್ದರೆ ಅವರು ತಟ್ಟೆಯಿಂದ ತಲೆಯೆತ್ತಿ, "ಸೇವೆ ಮಾಡೋದಕ್ಕೂ ಮಾರ್ಕ್ಸೇ?" ಎಂದು ಕೇಳುತ್ತಾರೆ. ಮೊದಲ ಎರಡು ಚಿಂತೆಗಳು ಬೆಳಗಾಗುವುದರೊಳಗೆ ಪರಿಹಾರವಾಗುತ್ತವೆ. ಮೂರನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಪ್ರಶ್ನೆಯನ್ನೇ ತಮ್ಮೊಡನೆ ಕುಳಿತು ಸ್ವಲ್ಪ ಬಿಡಿಸಿ ನೋಡಬೇಕೆಂಬುದು ನನ್ನ ಆಸೆ.

ಇದು ಇಂದು ನಿನ್ನೆಯ ಪ್ರಶ್ನೆಯೇನೂ ಅಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳ ಸಮಾಜಸೇವೆಯ ವಿಷಯವನ್ನು ಚರ್ಚಿಸಿ, ಅದು ಸ್ವಇಚ್ಛೆಯಿಂದ ಆಗಬೇಕೆಂದು ಅಭಿಪ್ರಾಯಪಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1959ರಲ್ಲಿ, ಸಿ.ಡಿ. ದೇಶಮುಖರ ಸಮಿತಿ ಅದಕ್ಕೆ ವಿರುದ್ಧ ದಿಕ್ಕಿಗೆ ಹೊರಳಿತು. ಪದವಿಗೆ ಹೋಗುವ ಮುನ್ನ ಪ್ರತಿಯೊಬ್ಬ ತರುಣನೂ ಸುಮಾರು ಒಂದು ವರ್ಷ ಕಡ್ಡಾಯವಾಗಿ ರಾಷ್ಟ್ರಸೇವೆ ಮಾಡಬೇಕೆಂಬುದು ಅದರ ಸಲಹೆ. ಕಡ್ಡಾಯ ಮಾಡಿದರೆ ಅದು ಸೇವೆ ಹೇಗಾದೀತು ಎಂದು ಒಂದು ಪಕ್ಷ, ಕಡ್ಡಾಯ ಮಾಡದಿದ್ದರೆ ಹೋಗುವವರು ಯಾರು ಎಂದು ಇನ್ನೊಂದು ಪಕ್ಷ. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ವಿಶೇಷ ಶಿಬಿರ, 'ನಾನಲ್ಲ, ನೀನು' ಎಂಬ ಧ್ಯೇಯವಾಕ್ಯ. ಇವು ನಮ್ಮಲ್ಲಿ ಅನೇಕರಿಗೆ ಕಾಲೇಜಿನ ದಿನಗಳ ನೆನಪುಗಳೇ ಆಗಿವೆ. 2014ರಲ್ಲಿ ಬಂದ ಉನ್ನತ ಭಾರತ ಅಭಿಯಾನವು ಒಂದೊಂದು ಉನ್ನತ ಶಿಕ್ಷಣ ಸಂಸ್ಥೆಯೂ ಐದೈದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಲಿ ಎಂದಿತು. ಈಚೆಗೆ ಹಳ್ಳಿಯೊಡನೆಯ ಒಡನಾಟವೇ ಪಠ್ಯದ ಭಾಗವಾಗಿ, ಇಷ್ಟು ಗಂಟೆಗೆ ಇಷ್ಟು ಕ್ರೆಡಿಟ್ ಎಂಬ ಲೆಕ್ಕ ಬಂದಿದೆ. ('ದತ್ತು' ಎಂಬ ಪದ ನನಗೆ ಸದಾ ಇರುಸುಮುರುಸು ಉಂಟುಮಾಡುತ್ತದೆ. ಸಾವಿರ ವರ್ಷ ಬಾಳಿದ ಊರನ್ನು ಇಪ್ಪತ್ತು ವರ್ಷದ ಹುಡುಗರು ದತ್ತು ಪಡೆಯುವುದು ಹೇಗೆ?)

ನಮ್ಮವರೇ ಕಟ್ಟಿದ ಸಂಸ್ಥೆಗಳೂ ಈ ದಾರಿಯಲ್ಲಿ ಹಿಂದೆ ಬಿದ್ದಿಲ್ಲ. 1960ರಲ್ಲಿ ಮಂಗಳೂರಿನಲ್ಲಿ ಆರಂಭವಾದ ರೋಶನಿ ನಿಲಯದ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಆಸ್ಪತ್ರೆ, ಬಾಲಮಂದಿರ, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವುದು ಪಾಠದಷ್ಟೇ ಮುಖ್ಯ. 1963ರಲ್ಲಿ ಪ್ರಾರಂಭಗೊಂಡ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ತಂಗಿಸಿ ಅಲ್ಲಿಯ ಬದುಕನ್ನು ಕಾಣಿಸುವ ಕ್ರಮವನ್ನು ರೂಢಿಸಿತು. ಪದವಿ ಮುಗಿದ ಮೇಲೆ ವೈದ್ಯರ ಕೊರತೆಯಿರುವ ಕಡೆಗೆ ಹೋಗಿ ಸೇವೆ ಸಲ್ಲಿಸಬೇಕೆಂಬ ಕಟ್ಟುಪಾಡನ್ನೂ ವಿಧಿಸಿತು.

ಹಾಗಾದರೆ ಅಂಕದ ಪ್ರಶ್ನೆಗೆ ಬರೋಣ. ಪ್ರತಿಫಲ ಸೇರಿದೊಡನೆ ಸೇವೆ ಮೈಲಿಗೆಯಾಗುತ್ತದೆಯೇ? ಲೂಕನ ಶುಭಸಂದೇಶದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಮ್ಮ ಗಮನವೆಲ್ಲ ಸಮಾರಿಯದವನ ಮೇಲೆ, ಪಕ್ಕಕ್ಕೆ ಸರಿದು ಹೋದ ಯಾಜಕನ ಮೇಲೆ. ಆದರೆ ಆ ಕತೆಯಲ್ಲಿ ಇನ್ನೊಬ್ಬನಿದ್ದಾನೆ; ಅವನ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ. ಛತ್ರದವನು. ಗಾಯಾಳುವಿನ ಪಕ್ಕದಲ್ಲಿ ರಾತ್ರಿಗಳನ್ನು ಕಳೆದವನು ಬಹುಶಃ ಆತನೇ. ಪಟ್ಟಿ ಬದಲಿಸಿದ್ದು, ಗಂಜಿ ಕುಡಿಸಿದ್ದು ಆತನೇ ಇರಬೇಕು. ಮತ್ತು ಆತ ಹಣ ತೆಗೆದುಕೊಂಡೇ ಮಾಡಿದ. ಎರಡು ನಾಣ್ಯ ಮುಂಗಡ, ಬಾಕಿ ಆಮೇಲೆ. ಹಣ ಪಡೆದ ಕಾರಣಕ್ಕೆ ಆತನ ಆರೈಕೆ ಗಾಯಾಳುವಿಗೆ ಕಡಮೆ ಹಿತವಾಗಿತ್ತೆಂದು ಯಾರೂ ಹೇಳಲಾರರು. ಶಿಕ್ಷಕನಿಗೆ ಸಂಬಳವಿದೆ, ದಾದಿಗೆ ಸಂಬಳವಿದೆ, ಪ್ರೀತಿಯಿಂದ ಮಾಡುವ ಶಿಕ್ಷಕರೂ ದಾದಿಯರೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ಅಂಕ ಸಿಗುತ್ತದೆಂಬ ಒಂದೇ ಕಾರಣಕ್ಕೆ ಹುಡುಗರ ಕೆಲಸವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಮನೆಯ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ ಆಗಿತ್ತು, ಬಳಿಚಕ್ರಕ್ಕೆ ಹೋಗುವವರೆಗೆ.

ಬಳಿಚಕ್ರ ಯಾದಗಿರಿ ಜಿಲ್ಲೆಯ ಒಂದು ಊರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೆ ಮೊದಲು ಇದೆಲ್ಲ ಗುಲಬರ್ಗಾ ಜಿಲ್ಲೆಯೇ. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯ ಸಾಕ್ಷರತೆ ಶೇ. 51.83. ಇಡೀ ರಾಜ್ಯದಲ್ಲಿ ಅದೇ ಕನಿಷ್ಠ. 2018ರಲ್ಲಿ ಕೇಂದ್ರ ಸರ್ಕಾರ 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳನ್ನು ಆರಿಸಿದಾಗ ರಾಯಚೂರಿನ ಜೊತೆ ಯಾದಗಿರಿಯೂ ಪಟ್ಟಿಯಲ್ಲಿ ಸೇರಿತು. ಹೀಗಾಗಿ ಸಮೀಕ್ಷೆ ಎಂಬ ಪದ ಈ ಭಾಗದ ಜನರಿಗೆ ಹೊಸದಲ್ಲ. ಹಿಂದುಳಿದ ಊರಿನ ಭಾಗ್ಯವೆಂದರೆ, ಅದರ ಹಿಂದುಳಿದಿರುವಿಕೆಯನ್ನು ಎಲ್ಲರೂ ಬಂದು ಅಳೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಪದವಿ ವಿದ್ಯಾರ್ಥಿಗಳ ಒಂದು ತಂಡದೊಂದಿಗೆ ನಾನು ಅಲ್ಲಿಗೆ ಹೋಗಿದ್ದೆ. ಸ್ಥಳೀಯ ಮಹಿಳಾ ಸಂಘವೊಂದಕ್ಕೆ ಅನುಕೂಲವಾಗುವಂತೆ ಮನೆಮನೆಯ ಮಾಹಿತಿ ಸಂಗ್ರಹಿಸುವುದು ಅವರ ಯೋಜನೆ. ಡಿಸೆಂಬರ್ ತಿಂಗಳು. ಕಾಲೇಜಿನ ಪಂಚಾಂಗದಲ್ಲಿ ಅದು ಬಿಡುವಿನ ಕಾಲ, ಹೊಲದ ಪಂಚಾಂಗದಲ್ಲಿ ಅದು ಹತ್ತಿ ಬಿಡಿಸುವ ಕಾಲ, ತೊಗರಿ ಕಾಯಿ ಬಲಿಯುವ ಕಾಲ. ಹತ್ತು ಮನೆಗಳ ಬಾಗಿಲು ತಟ್ಟಿದರೆ ನಾಲ್ಕರಲ್ಲಿ ಬೀಗ. ಹೊಲಕ್ಕೆ ಹೋದವರದು ಸಂಜೆಗೆ ತೆರೆಯುವ ಬೀಗ, ಗುಳೆ ಹೋದವರದು ಯುಗಾದಿಗೋ ಮುಂಗಾರಿಗೋ ತೆರೆಯುವ ಬೀಗ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಇಲ್ಲಿಯ ಓಣಿಗಳು ಖಾಲಿಯಾಗುತ್ತವೆ. ಹುಡುಗರ ಕೈಯ ನಮೂನೆಯಲ್ಲಿ ಈ ಎರಡು ಬೀಗಗಳಿಗೂ ಇದ್ದದ್ದು ಒಂದೇ ಕಲಂ: 'ಮನೆಯವರು ಲಭ್ಯರಿಲ್ಲ'.

ಒಂದು ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯನ್ನು ಒಬ್ಬ ವಿದ್ಯಾರ್ಥಿ ಮಾತಾಡಿಸಿದ. "ಕುಟುಂಬದ ಒಟ್ಟು ಸದಸ್ಯರ ಸಂಖ್ಯೆ ಎಷ್ಟು?" ಆಕೆ ಅವನ ಮುಖವನ್ನೇ ನೋಡಿ, "ಇಲ್ಲಿ ಇದ್ದೋರ್ನ ಹೇಳ್ಲೇನಪ್ಪಾ, ಬೆಂಗಳೂರಾಗ ಇದ್ದೋರ್ನೂ ಕೂಡಿಸಿ ಹೇಳ್ಲೇನು?" ಎಂದಳು. ನಮೂನೆಯಲ್ಲಿ ಉತ್ತರವಿರಲಿಲ್ಲ. ಹುಡುಗ ತಡವರಿಸಿದ. ಆಮೇಲೆ ಆಕೆಯೇ ಕೇಳಿದಳು: "ಹ್ವಾದ ವರ್ಷ ಬಂದೋರೂ ಹಿಂಗೇ ಬರ್ಕೊಂಡು ಹೋದ್ರು. ಬರ್ದಿದ್ದು ಏನಾತು?"

ಪ್ರಿಯ ಓದುಗರೇ, ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಕೊಟ್ಟ ಪಾತ್ರೆ ಹಿಂದಿರುಗಿ ಬರಲಿಲ್ಲವಲ್ಲ ಎಂದು ನೆರೆಯವಳನ್ನು ವಿಚಾರಿಸುವ ಧಾಟಿಯಿತ್ತು. ಹಿಂದಿನ ವರ್ಷ ಬಂದ ತಂಡ ಯಾವುದೆಂದು ನಾನು ಆಮೇಲೆ ತಿಳಿದುಕೊಂಡೆ. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಅವರು ಶ್ರದ್ಧೆಯಿಂದಲೇ ಬರೆದುಕೊಂಡಿದ್ದರು. ಅಚ್ಚುಕಟ್ಟಾದ ವರದಿ ತಯಾರಾಗಿತ್ತು, ರಟ್ಟು ಕಟ್ಟಿಸಿ ವಿಭಾಗಕ್ಕೆ ಒಪ್ಪಿಸಲಾಗಿತ್ತು, ಅಂಕವೂ ಚೆನ್ನಾಗಿಯೇ ಬಂದಿತ್ತು. ಊರಿಗೆ ಮಾತ್ರ ಒಂದು ಹಾಳೆಯೂ ಮರಳಿರಲಿಲ್ಲ. ವರದಿ ಇಂಗ್ಲಿಷಿನಲ್ಲಿದ್ದುದರಿಂದ ಮರಳಿದ್ದರೂ ಏನಾಗುತ್ತಿತ್ತೋ.

ಇಲ್ಲಿ ನನಗೆ ಪಕ್ಕದ ಸುರಪುರದ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1840ರ ದಶಕದಲ್ಲಿ ಆ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದ. ಜನರ ಮಾತು ಕಲಿತ, ಎಳೆಯ ದೊರೆ ವೆಂಕಟಪ್ಪ ನಾಯಕ ಆತನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. ಆತ ಕಟ್ಟಿಸಿದ ಬಂಗಲೆ ಸುರಪುರದ ಗುಡ್ಡದ ಮೇಲೆ ಅವನ ಹೆಸರಿನಲ್ಲಿಯೇ ಉಳಿಯಿತು. ಆದರೆ ಅವನು ಬರೆದುಕೊಂಡದ್ದು? ಆತ್ಮಕಥೆ 1877ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾಯಿತು. ಅದನ್ನು ಓದಬಲ್ಲವರು ಆಗ ಸುರಪುರದಲ್ಲಿ ಎಷ್ಟು ಜನ ಇದ್ದಿರಬಹುದು? ಪ್ರೀತಿಯಿಂದ ಇದ್ದವನ ಕತೆಯೇ ಹೀಗಾದರೆ, ಏಳು ದಿನ ಇದ್ದು ಹೋಗುವವರ ಬಗ್ಗೆ ಏನು ಹೇಳೋಣ!

ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಎತ್ತಿದವನು ಕಥೋಲಿಕ ಗುರುವಾಗಿದ್ದ ಇವಾನ್ ಇಲಿಚ್. 1968ರ ಏಪ್ರಿಲ್ ತಿಂಗಳಲ್ಲಿ, ಬೇಸಗೆ ರಜೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಹೋಗಿ ಸೇವೆ ಮಾಡಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಗೆ ಆತನನ್ನು ಅತಿಥಿಯಾಗಿ ಕರೆದಿದ್ದರು. ಆತ ಅವರಿಗೆ ಹೋಗಲೇಬೇಡಿ ಎಂದ. ನೋಡಲು ಹೋಗಿ, ಕಲಿಯಲು ಹೋಗಿ, ಉಪಕಾರ ಮಾಡುತ್ತೇವೆಂದು ಮಾತ್ರ ಹೋಗಬೇಡಿ ಎಂಬುದು ಆತನ ವಾದದ ಸಾರ. ಭಾಷೆ ಬಾರದವರು, ಬೇಕಾದಾಗ ಹಿಂತಿರುಗಬಲ್ಲವರು, ಮಾಡಿದ ತಪ್ಪಿಗೆ ಆ ಊರಿನಲ್ಲಿ ಉತ್ತರ ಹೇಳಬೇಕಾಗಿಲ್ಲದವರು ಒಳ್ಳೆಯ ಮನಸ್ಸಿನಿಂದಲೇ ಬಡವರ ಬದುಕಿನಲ್ಲಿ ಕೈಯಾಡಿಸುವುದು ಆತನಿಗೆ ಅಹಂಕಾರವಾಗಿ ಕಂಡಿತು. ಓದಿದಾಗ ನನಗೆ ಮೈ ಉರಿಯಿತು. ಮತ್ತೆ ಓದಿದಾಗ, ಮುಕ್ಕಾಲು ಪಾಲು ಒಪ್ಪಬೇಕಾಯಿತು.

ಉಳಿದ ಕಾಲು ಪಾಲನ್ನು ಏಕೆ ಒಪ್ಪಲಾರೆನೆಂದರೆ, ಇಲಿಚ್ ಕಂಡದ್ದು ದೂರದ ಶ್ರೀಮಂತ ದೇಶದಿಂದ ಬಂದ ಹುಡುಗರನ್ನು. ನನ್ನೊಡನೆ ಬಳಿಚಕ್ರಕ್ಕೆ ಬಂದವರಲ್ಲಿ ಒಬ್ಬ ಹುಡುಗಿಯಿದ್ದಳು. ಶಹಾಪುರದ ಕಡೆಯ ಒಂದು ಸಣ್ಣ ಊರಿನವಳು, ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಬೆಳಿಗ್ಗೆಯಿಂದ ಉತ್ಸಾಹದಲ್ಲಿದ್ದವಳು ಮಧ್ಯಾಹ್ನದ ಹೊತ್ತಿಗೆ ಮಾತು ನಿಲ್ಲಿಸಿದ್ದಳು. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ವಿಚಾರಿಸಿದೆ. ಆಕೆ ಹೇಳಿದ್ದು ಇದು: "ಸರ್, 'ನಿಮ್ಮ ಮನೆಯಲ್ಲಿ ಶೌಚಾಲಯವಿದೆಯೇ, ಇಲ್ಲದಿದ್ದರೆ ಕಾರಣವೇನು' ಅಂತ ಕೇಳಬೇಕು. ನಮ್ಮ ಮನ್ಯಾಗೂ ಇಲ್ರೀ. ಅವರು ನನ್ನ ಮುಖ ನೋಡಿ 'ಇಲ್ಲವ್ವಾ' ಅಂತ ತಲೆ ತಗ್ಗಿಸ್ತಾರ. ನಾ ಪೆನ್ನು ಹಿಡಿದು ಬರೀತೀನಿ. ನಮ್ಮವ್ವನ್ನೇ ನಿಲ್ಲಿಸಿ ಕೇಳಿದಂಗ ಆಗ್ತದ್ರೀ."

ಈ ಮಾತನ್ನು ನಾನು ಬಹಳ ದಿನ ಮರೆಯಲಾಗಲಿಲ್ಲ. ನಾವು ಸಾಮಾನ್ಯವಾಗಿ ಕೊಡುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ ಎಂದು ಭಾವಿಸಿಯೇ ಸೇವೆಯ ಮಾತಾಡುತ್ತೇವೆ. ಆದರೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಓದುವ ಮಕ್ಕಳು ಬಹುಪಾಲು ಇಂಥವೇ ಹಳ್ಳಿಗಳಿಂದ ಬಂದವರು. ಅವರಿಗೆ ಬಡತನವನ್ನು ಪರಿಚಯ ಮಾಡಿಸುವ ಅಗತ್ಯವೇನೂ ಇಲ್ಲ. ನಮ್ಮ ನಮೂನೆಗಳು ಅವರಿಗೆ ಕಲಿಸುವುದು ಬೇರೊಂದನ್ನು: ತಮ್ಮವರನ್ನೇ ಹೊರಗಿನವರಂತೆ ನೋಡುವ ವಿದ್ಯೆ. ಪೆನ್ನು ಹಿಡಿದವಳು ಒಂದು ಮೆಟ್ಟಿಲು ಮೇಲೆ, ಉತ್ತರಿಸುವವಳು ಒಂದು ಮೆಟ್ಟಿಲು ಕೆಳಗೆ. ಅಂಕ ಬರುವುದು ಮೇಲಿನ ಮೆಟ್ಟಿಲಿಗೆ. ಓದಿಸಿದ ತಂದೆತಾಯಿಗಳಾದ ನಾವು ಬಯಸಿದ್ದು ಇದನ್ನೇ ಏನು?

ಹಾಗೆಂದು ಸಮೀಕ್ಷೆಯನ್ನೇ ತೊರೆಯಬೇಕೆಂದು ನಾನು ಹೇಳುವುದಿಲ್ಲ. ಎಣಿಸದೆ ಹೋದರೆ ಬಡವರು ಲೆಕ್ಕಕ್ಕೇ ಬರುವುದಿಲ್ಲ. ಪ್ರಶ್ನೆ ಇರುವುದು ಲೆಕ್ಕ ಯಾರ ಕೈಯಲ್ಲಿ ಉಳಿಯುತ್ತದೆ ಎಂಬಲ್ಲಿ. ನಮ್ಮ ಒಕ್ಕಲುತನದಲ್ಲಿ 'ಮುಯ್ಯಿ' ಎಂಬ ಹಳೆಯ ಪದ್ಧತಿಯಿದೆ. ಇಂದು ನನ್ನ ಹೊಲದಲ್ಲಿ ನೀನು ದುಡಿದರೆ, ನಾಳೆ ನಿನ್ನ ಹೊಲದಲ್ಲಿ ನಾನು. ಹಣದ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಮುಯ್ಯಾಳಾಗಿ ಬಂದವನನ್ನು ಯಾರೂ ದಾನಿ ಎನ್ನುವುದಿಲ್ಲ, ಅವನೆದುರು ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ಅವನಿಗೆ ಮಜ್ಜಿಗೆ ಕೊಟ್ಟು, ಸಾಲು ಡೊಂಕಾದರೆ ಬೈಯುವ ಅಧಿಕಾರವೂ ಹೊಲದೊಡತಿಗೆ ಇರುತ್ತದೆ. ದಿನಕ್ಕೆ ದಿನ ತೀರಿಸುವವರೆಗೆ ಮಾತ್ರ ಬಾಕಿ ಬಾಕಿಯೇ.

ವಿದ್ಯಾರ್ಥಿಗಳ ಹಳ್ಳಿಯ ಕೆಲಸವನ್ನು ದಾನದ ಕಣ್ಣಿನಿಂದ ನೋಡದೆ ಮುಯ್ಯಿಯ ಕಣ್ಣಿನಿಂದ ನೋಡಿದರೆ ಎಲ್ಲವೂ ತಿರುಗಿ ನಿಲ್ಲುತ್ತದೆ. ಮೊದಲು ಕೊಟ್ಟವರು ಹಳ್ಳಿಯವರು. ಹತ್ತಿ ಬಿಡಿಸುವ ಹೊತ್ತಿನಲ್ಲಿ ಅರ್ಧ ಗಂಟೆ, ಅಂದರೆ ಕೂಲಿಯ ಒಂದು ತುಣುಕು. ಮನೆಯ ಒಳಗುಟ್ಟು. ಗುಳೆ ಹೋದ ಮಗನ ವಿಚಾರ. ಇವುಗಳಿಂದಲೇ ವರದಿ ಆಗಿದ್ದು, ಅಂಕ ಬಂದದ್ದು, ಪದವಿಯ ಒಂದು ಇಟ್ಟಿಗೆ ಏರಿದ್ದು. ಬಾಕಿ ಇರುವುದು ನಮ್ಮ ಮಕ್ಕಳ ಮೇಲೆ. ಸಮಾರಿಯದವನ ಕತೆಗೆ ಮತ್ತೊಮ್ಮೆ ಹೋಗುವುದಾದರೆ, ಆತ ಛತ್ರದವನಿಗೆ ಕೊಟ್ಟ ಎರಡು ನಾಣ್ಯಕ್ಕಿಂತ ಆತ ಆಡಿದ ಒಂದು ಮಾತು ನನಗೆ ಈಗ ದೊಡ್ಡದಾಗಿ ಕಾಣುತ್ತದೆ: ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದದ್ದು. ಆತ ಮರಳಿ ಬರುವವನಾಗಿದ್ದ.

ಮರಳಿ ಬರುವುದೆಂದರೆ ದೊಡ್ಡ ಸಾಹಸವೇನೂ ಅಲ್ಲ. ಸುರಪುರದ ಭಾಗದಲ್ಲಿ 2000ದ ದಶಕದ ನಡುವಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುತ್ತ ಬಂದರು. ಅವರ ವಿಧಾನಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಆದರೆ ಒಂದು ವರ್ಷ ಬಂದು ಮರುವರ್ಷ ಮಾಯವಾದವರಲ್ಲ. ಕಾಲೇಜೊಂದಕ್ಕೆ ಅಷ್ಟು ಬಲವಿಲ್ಲದಿದ್ದರೂ ಐದು ಹಳ್ಳಿಯ ಬದಲು ಒಂದೇ ಹಳ್ಳಿ, ಪ್ರತಿ ವರ್ಷವೂ ಅದೇ ಹಳ್ಳಿ ಎಂದುಕೊಳ್ಳಬಹುದು. ಹೋಗುವ ತಿಂಗಳನ್ನು ಪ್ರಾಂಶುಪಾಲರ ಬದಲು ಮಹಿಳಾ ಸಂಘದವರು ನಿಶ್ಚಯಿಸಬಹುದು. ಶಾಲಾ ಅಭಿವೃದ್ಧಿ ಸಮಿತಿಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂಗನವಾಡಿಗೆ ಏನು ಬೇಕೆಂದು ಮೊದಲು ಕೇಳಿ, ಆಮೇಲೆ ಪ್ರಾಜೆಕ್ಟಿನ ಶೀರ್ಷಿಕೆ ಬರೆಯಬಹುದು. ಅಂಕ ಕೊಡುವಾಗ ಊರಿನ ಸಂಘದವರ ಮಾತಿಗೂ ಒಂದು ಪಾಲು ಇಡಬಹುದು. ಓದು ಬರದ ತಾಯಂದಿರು ಅಂಕ ಕೊಡುವುದೆಂದರೆ ನಮ್ಮ ಅಧ್ಯಾಪಕರು ನಕ್ಕಾರು. ಹುಡುಗ ಹೇಳಿದ ಸಮಯಕ್ಕೆ ಬಂದನೇ, ಹೇಳಿದ ಕೆಲಸ ಮುಗಿಸಿದನೇ, ಮಾತಿನಲ್ಲಿ ಮರ್ಯಾದೆಯಿತ್ತೇ ಎಂಬುದನ್ನು ತೂಗಲು ಅಕ್ಷರ ಬೇಕಾಗಿಲ್ಲವಲ್ಲ.

ಇನ್ನು ನಾವು, ಮನೆಯಲ್ಲಿರುವ ತಂದೆತಾಯಿಗಳು. ಮಗ ಶಿಬಿರದಿಂದ ಮರಳಿದಾಗ ನಾವು ಕೇಳುವುದು "ಎಷ್ಟು ಮಾರ್ಕ್ಸ್ ಬಂತು?" ಎಂದು, ಇಲ್ಲವೇ "ಊಟ ಹೇಗಿತ್ತು?" ಎಂದು. ಯಾರ ಮನೆಯಲ್ಲಿ ಕುಳಿತೆ, ಅವರ ಹೆಸರೇನು, ಮತ್ತೆ ಯಾವಾಗ ಹೋಗುತ್ತೀ ಎಂದು ನಾನೂ ನನ್ನ ಮಕ್ಕಳನ್ನು ಕೇಳಿದವನಲ್ಲ. ಈಗ ಅನ್ನಿಸುತ್ತಿದೆ, ಕೇಳಬೇಕಾಗಿತ್ತು.

ಬಳಿಚಕ್ರದ ಕತೆಯನ್ನು ಅರ್ಧಕ್ಕೇ ಬಿಟ್ಟಿದ್ದೇನೆ. ವೃದ್ಧೆಯ ಆ ಪ್ರಶ್ನೆಯನ್ನು ಸಂಜೆಯ ಸಭೆಯಲ್ಲಿ ಹುಡುಗರೇ ಎತ್ತಿಕೊಂಡರು. ವರದಿ ಒಪ್ಪಿಸಿ ಎರಡು ತಿಂಗಳಾದ ಮೇಲೆ, ಅಂಕಪಟ್ಟಿಗೆ ಸಂಬಂಧವಿಲ್ಲದ ಒಂದು ಭಾನುವಾರ, ತಂಡದ ಆರು ಜನ ತಮ್ಮದೇ ಖರ್ಚಿನಲ್ಲಿ ಮತ್ತೆ ಅಲ್ಲಿಗೆ ಹೊರಟರು. ಉಳಿದವರು ಬರಲಿಲ್ಲ, ಅದನ್ನೂ ಹೇಳಬೇಕು. ಶಹಾಪುರದ ಕಡೆಯ ಆ ಹುಡುಗಿ ದೊಡ್ಡ ಡ್ರಾಯಿಂಗ್ ಹಾಳೆಗಳ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಲೆಕ್ಕವನ್ನೆಲ್ಲ ಬರೆದು ತಂದಿದ್ದಳು. ಅಕ್ಷರ ಬಾರದವರಿಗೆಂದು ಮನೆಗೊಂದು ಚೌಕ, ಬೀಗಕ್ಕೊಂದು ಕರಿ ಚುಕ್ಕೆ. ಶಾಲೆಯ ಜಗುಲಿಯ ಗೋಡೆಗೆ ಅದನ್ನು ಅಂಟಿಸಿ ಆಕೆ ಓದತೊಡಗಿದಳು. ಇಪ್ಪತ್ತು ಮೂವತ್ತು ಹೆಂಗಸರು ಸೇರಿದ್ದರು. ಇಂತಿಷ್ಟು ಮನೆಯವರು ಗುಳೆ ಹೋಗಿದ್ದಾರೆ ಎಂಬಲ್ಲಿಗೆ ಬಂದಾಗ, ಹಿಂದಿನಿಂದ ಅದೇ ವೃದ್ಧೆಯ ದನಿ ಕೇಳಿಸಿತು:

"ತಪ್ಪದ ಯವ್ವಾ ಅದು."

ಮತ್ತೊಬ್ಬಳು ಅಲ್ಲ ಸರಿಯಿದೆ ಎಂದಳು. ಇನ್ನೊಬ್ಬಳು ಎದ್ದು ಬಂದು ಹಾಳೆಯ ಮೇಲೆ ಬೆರಳಿಟ್ಟು, ಈ ಮನೆಯವರು ಹೊಲಕ್ಕೆ ಹೋಗಿದ್ದರು, ಇದಕ್ಕೆ ಚುಕ್ಕೆ ಬೇಡ, ಆ ಮೂಲೆಯ ಮನೆಯನ್ನು ಬಿಟ್ಟೇ ಬಿಟ್ಟಿದ್ದೀರಿ ಎಂದು ತೋರಿಸತೊಡಗಿದಳು. ಕೆಂಪು ಪೆನ್ನು ಯಾರದೋ ಕೈಯಿಂದ ಯಾರದೋ ಕೈಗೆ ಹೋಯಿತು. ಓಣಿಯ ಮನೆಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುತ್ತ ಹೆಂಗಸರು ಮೊದಲಿನಿಂದ ಎಣಿಸಲಾರಂಭಿಸಿದರು. ನಮ್ಮ ಹುಡುಗಿ ಗೋಡೆಯ ಪಕ್ಕಕ್ಕೆ ಸರಿದು, ಅವರು ಹೇಳಿದ ಕಡೆಯಲ್ಲೆಲ್ಲ ತಿದ್ದುತ್ತ ನಿಂತಳು. ಯಾದಗಿರಿಯ ಬಸ್ಸಿನ ಹಾರ್ನ್ ಕೇಳಿಸಿತು. ಎಣಿಕೆ ಇನ್ನೂ ಅರ್ಧ ಓಣಿಗೆ ಬಂದಿತ್ತು, ಅದನ್ನು ಬಿಟ್ಟು ಹೊರಡಲು ಆರು ಜನರಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತೆಂದು ನಾನು ಕಟ್ಟೆಯ ಮೇಲೆ ಕುಳಿತೆ.